ಅಜ್ಜಿ ಬಿಟ್ಟು ಹೋದ ಬಾಕಿ

ನಮ್ಮ ಅಜ್ಜಿಯ ಉತ್ತರಕ್ರಿಯೆಗೆ ಬಂದವರು, ಬರಲಾಗದೆ ಫೋನ್ ಮಾಡಿದವರು, ಆಟಿ ತಿಂಗಳ ಆ ಮಳೆಯಲ್ಲಿ ಅವರನ್ನು ಕಳುಹಿಸಿಕೊಡಲು ನಮ್ಮೊಂದಿಗೆ ನಿಂತವರು, ಎಲ್ಲರಿಗೂ ಮನೆಯವರ ಪರವಾಗಿ ಕೈಮುಗಿಯುತ್ತೇನೆ. ಪತ್ರಿಕೆಯ ಪ್ರಕಟಣೆಯಂತೆ ‘ಸರ್ವರಿಗೂ ಕೃತಜ್ಞತೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಯಾರ ಮನೆಯಿಂದ ಎಷ್ಟು ಸೇರು ಅಕ್ಕಿ ಬಂದಿತ್ತು, ಯಾವ ಬಾಣಂತನಕ್ಕೆ ಯಾರು ಎಣ್ಣೆ ಕೊಟ್ಟಿದ್ದರು ಎಂಬುದನ್ನೆಲ್ಲ ಜೀವಮಾನವಿಡೀ ನೆನಪಿನಲ್ಲೇ ಜಮಾ ಮಾಡಿಟ್ಟುಕೊಂಡವರು ಅವರು. ಆದ್ದರಿಂದ ಕೆಲವರ ಉಪಕಾರವನ್ನಾದರೂ ಬಿಡಿಸಿ ಹೇಳಬೇಕು.

ನಮ್ಮದು ಬಂಟ್ವಾಳದ ಕಡೆ. ಅಜ್ಜಿಮನೆಯಲ್ಲಿ ವಯಸ್ಸಿನ ಲೆಕ್ಕವೆಲ್ಲ ಬೊಳ್ಳದಿಂದ ಶುರು. 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಪೇಟೆಗೆ ನುಗ್ಗಿದ ನೆರೆ ಅದು. ದೊಡ್ಡ ಮಾವ ಬೊಳ್ಳಕ್ಕೆ ಮೊದಲಿನವರು, ಅಮ್ಮ ಬೊಳ್ಳದ ನಂತರದವರು. ಅದೇ ವರ್ಷದ ಮಾರ್ಚ್‌ನಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿಗೆ ಮಾಡುತ್ತಿದ್ದ ಗದ್ದೆಯ ಹಕ್ಕು ಕೇಳಿ ಡಿಕ್ಲರೇಶನ್, ಅಂದರೆ ಅರ್ಜಿ, ಹಾಕಲು ಅಜ್ಜನಿಗೆ ದಾಕ್ಷಿಣ್ಯ, ಧನಿಗಳಿಗೆ ಹೇಗೆ ಮುಖ ತೋರಿಸುವುದೆಂದು. “ಅಕ್ಕಿಮುಡಿ ಹೊತ್ತುಕೊಂಡು ಹೋದಾಗ ಅವರು ನಮ್ಮ ಮುಖ ನೋಡಿದ್ದುಂಟೇ?” ಎಂದು ಕೇಳಿ ಅಜ್ಜಿಯೇ ಶಾಲೆಯ ಮಾಸ್ಟ್ರ ಮನೆಗೆ ನಡೆದರಂತೆ. ಆ ಅರ್ಜಿಯ ನಮೂನೆ 7ನ್ನು ತುಂಬಿಸಿಕೊಟ್ಟು, ಭೂನ್ಯಾಯಮಂಡಳಿಯ ವಿಚಾರಣೆಗೂ ಜೊತೆಯಾಗಿ ಹೋದವರು ಆ ಮಾಸ್ಟ್ರು. ಪ್ರತಿಯಾಗಿ ಏನನ್ನೂ ಮುಟ್ಟಲಿಲ್ಲ ಎಂಬುದು ಅಜ್ಜಿಯ ಕೊನೆಯವರೆಗಿನ ಆಕ್ಷೇಪ. ಗದ್ದೆ ನಮ್ಮದಾದ ಮೇಲೆ ಪ್ರತಿವರ್ಷ ಹೊಸ ಅಕ್ಕಿ ಮೊದಲು ಹೋಗುತ್ತಿದ್ದುದು ಅವರ ಮನೆಗೆ. ಮಾಸ್ಟ್ರು ಈಗಿಲ್ಲ. ಅವರ ಮಗ ಮುಂಬಯಿಯಿಂದ ಬಸ್ಸಿನಲ್ಲಿ ಬಂದಿಳಿದವರೇ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಬಡಿಸಲು ನಿಂತರು. ಬಾಕಿ ಇನ್ನಷ್ಟು ಬೆಳೆಯಿತು.

ಗದ್ದೆಯಿಂದ ಊಟಕ್ಕಾಯಿತು. ಮಕ್ಕಳ ಫೀಸು, ಅಮ್ಮ ಮತ್ತು ಚಿಕ್ಕಮ್ಮನ ಮದುವೆ, ಮುಳಿಹುಲ್ಲು ತೆಗೆದು ಹಾಕಿಸಿದ ಹೆಂಚಿನ ಮಾಡು, ಎಲ್ಲ ಬೀಡಿಯ ದುಡ್ಡು. ನೆನೆಸಿದ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ತಗಡಿನ ಅಚ್ಚು ಇಟ್ಟು ಕತ್ತರಿಸಿ, ಗೆರಸೆಯನ್ನು ಮಡಿಲಿಗೆ ಎಳೆದುಕೊಂಡರೆ ಸಂಜೆಯವರೆಗೆ ಕೈಯೂ ನಿಲ್ಲದು, ಮಾತೂ ನಿಲ್ಲದು. ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. 25 ಬೀಡಿಗೆ ಒಂದು ಕಟ್ಟು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಚೆಕ್ ಮಾಡುವವರು ಸಡಿಲವಾಯಿತೆಂದು ಕಟ್ಟುಗಳನ್ನು ಪಕ್ಕಕ್ಕೆಸೆದ ದಿನ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. (ಹಾಗೆ ಎಸೆದ ಬೀಡಿ ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.) ಲೆಕ್ಕ ಕಡಿಮೆಯಾದಾಗ ತಮ್ಮ ಗೆರಸೆಯಿಂದ ನಾಲ್ಕು ಕಟ್ಟು ಎತ್ತಿ ಕೊಡುತ್ತಿದ್ದವರು ಕೆಳಗಿನ ಬ್ಯಾರಿಗಳ ಮನೆಯ ಅಕ್ಕ. ಅವರಿಗೀಗ ಮೊಣಕಾಲು ನೋವು. ಆದರೂ ಅಜ್ಜಿ ಮಲಗಿದಲ್ಲೇ ಆದ ಮೇಲೆ ಮಧ್ಯಾಹ್ನದ ಹೊತ್ತು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಇಬ್ಬರೂ ಸೇರಿ ಮಾಡುತ್ತಿದ್ದುದೇನೆಂದರೆ, ಆ ಚೆಕ್ ಮಾಡುವವರನ್ನು ಮನಸಾರೆ ಬೈಯುವುದು. ಡಾಕ್ಟರರ ಗುಳಿಗೆಗಿಂತ ಅದೇ ಹೆಚ್ಚು ನಾಟಿತೆಂದು ನನ್ನ ನಂಬಿಕೆ.

ಎಲೆ ತಿಕ್ಕಿ ತಿಕ್ಕಿ ಅಜ್ಜಿಯ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರಕ್ಕೂ ಅವರಿಗೂ ಪ್ರತಿ ತಿಂಗಳು ಜಗಳ. ಬೀಡಿ ಕಾರ್ಮಿಕರ ಪಿಂಚಣಿಗೆ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ರುಜುವಾತುಪಡಿಸಬೇಕಲ್ಲ, ಆಗಲಂತೂ ಹತ್ತೂ ಬೆರಳು ಒತ್ತಿ ಸೋತು “ಸತ್ತವಳು ರಿಕ್ಷಾದಲ್ಲಿ ಬರುತ್ತಾಳೆಯೇ?” ಎಂದು ಕೌಂಟರಿನಲ್ಲಿ ಕೇಳಿದ್ದರು. ಮುಂದಿನ ಸಲ ಅಂಚೆಯವರು ಮನೆಗೇ ಬಂದು ಮೊಬೈಲಿನಲ್ಲಿ ಮುಖದ ಗುರುತು ತೆಗೆದುಕೊಂಡರು. ಕಣ್ಣು ಮಿಟುಕಿಸಬೇಕೆಂದಾಗ ಅಜ್ಜಿ ನಾಚಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಮತ್ತೆ ಮೊದಲಿನಿಂದ ಆಗಬೇಕಾಯಿತು. ಸಾವಿರ ಚಿಲ್ಲರೆ ರೂಪಾಯಿಯ ಪಿಂಚಣಿಗಾಗಿ ಗುಡ್ಡ ಹತ್ತಿ ಬಂದು, ಅವಸರವನ್ನೂ ಮಾಡದ ಆ ಅಣ್ಣನನ್ನು ನಾವು ಮರೆಯುವುದಿಲ್ಲ.

ಹೊರಗಿನವರಿಗೆ ಉಪಕಾರ ಹೇಳುವಾಗ ಮನೆಯವರನ್ನು ಬಿಡುವುದು ನಮ್ಮಲ್ಲಿ ರೂಢಿ. ರಾತ್ರಿ ಎದ್ದೆದ್ದು ಅಜ್ಜಿಯನ್ನು ಮಗ್ಗುಲು ಹೊರಳಿಸಿ, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡ ದೊಡ್ಡತ್ತೆಯ ಹೆಸರನ್ನು ಉತ್ತರಕ್ರಿಯೆಯ ದಿನ ಯಾರೂ ಎತ್ತಲಿಲ್ಲ. ಎತ್ತಬೇಕಿತ್ತು. ಮನೆಗೆ ಬಂದು ಆರೈಕೆ ಹೇಳಿಕೊಟ್ಟ ಆಶಾ ಕಾರ್ಯಕರ್ತೆಗೂ ನಮಸ್ಕಾರ.

ಕೊನೆಯ ದಿನ ಸೌದೆಯೆಲ್ಲ ಒದ್ದೆ. ಯಾರೂ ಕೇಳದೆಯೇ ಅಕ್ಕಪಕ್ಕದವರು ತಮ್ಮ ಅಟ್ಟದ ಒಣ ಕಟ್ಟಿಗೆ, ಗೋಣಿಗಟ್ಟಲೆ ಗೆರಟೆ ತಂದು ಸುರಿದರು, ಮಳೆಗೆ ಅಡ್ಡವಾಗಿ ತಗಡು ಹಿಡಿದು ನಿಂತರು. ಅಂದು ಬಂದ ಎರಡು ದೊಡ್ಡ ಪಾತ್ರೆ, ಒಂದು ಹಿತ್ತಾಳೆಯ ಸೌಟು, ನೀಲಿ ಟಾರ್ಪಾಲು ನಮ್ಮಲ್ಲೇ ಉಳಿದಿವೆ. ಅಜ್ಜಿಯಿದ್ದಿದ್ದರೆ ನೋಡಿದ ಕೂಡಲೇ ಯಾರದೆಂದು ಹೇಳುತ್ತಿದ್ದರು, ನಮಗೆ ತಿಳಿಯುತ್ತಿಲ್ಲ. ಭಾನುವಾರ ದೊಡ್ಡ ಮಾವ ಮನೆಯಲ್ಲೇ ಇರುತ್ತಾರೆ. ನಿಮ್ಮದಾಗಿದ್ದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.