ಚೌಡರ್‌ಗೆ ಕಾರ್ನ್‌ಫ್ಲೋರ್ ಬೇಡ, ಮರುವಾಯಿ ಬಿಟ್ಟ ನೀರು ಬೇಕು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಗಳ ಅಡುಗೆ ಪುಟದಲ್ಲಿ ಈಚೆಗೆ ಚೌಡರ್ ಎಂಬ ಹೆಸರು ಆಗಾಗ ಕಾಣಿಸುತ್ತಿದೆ. ಚಿಪ್ಪುಜೀವಿ ಇಲ್ಲವೇ ಮೀನು, ಆಲೂಗಡ್ಡೆ, ಹಾಲು ಸೇರಿಸಿ ಮಾಡುವ ಅಮೆರಿಕದ ಅಡುಗೆ ಅದು. ಪ್ರಕಟವಾಗುವ ಪಾಕವಿಧಾನಗಳು ಹೆಚ್ಚಿನವೆಲ್ಲ ಒಂದೇ ಅಚ್ಚಿನವು. ತರಕಾರಿ ಬೇಯಿಸಿ, ಹಾಲು ಹೊಯ್ದು, ಮೂರು ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಿ, ‘ರುಚಿಗೆ ತಕ್ಕಷ್ಟು ಉಪ್ಪು’ ಸೇರಿಸಿ ಕುದಿಸಿ ಇಳಿಸಿ ಎಂದಿರುತ್ತದೆ. ಹಾಗೆ ಮಾಡಿದರೆ ದಪ್ಪನೆಯ ಸೂಪ್ ಸಿಕ್ಕೀತು, ಚೌಡರ್ ಸಿಗುವುದಿಲ್ಲ. ಚೌಡರ್‌ಗೆ ದಪ್ಪ ಬರಬೇಕಾದ್ದು ಆಲೂಗಡ್ಡೆಯಿಂದ. ರುಚಿ ಬರಬೇಕಾದ್ದು ಚಿಪ್ಪು ಬಾಯಿ ಬಿಡುವಾಗ ಒಳಗಿನಿಂದ ಸುರಿಯುವ ನೀರಿನಿಂದ. ಎರಡನೆಯದು ಕಾಸರಗೋಡಿನ ನಮಗೆ ಮನೆ ಬಾಗಿಲಲ್ಲೇ ಸಿಗುತ್ತದೆ. ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆ ಕಡೆಯಿಂದ ಬರುವ ಮರುವಾಯಿ (ಇಂಗ್ಲಿಷಿನ ಕ್ಲಾಮ್), ಪಡನ್ನ ಚೆರುವತ್ತೂರಿನ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕಾಯಿ ಎಂಬ ಇನ್ನೊಂದು ಚಿಪ್ಪುಜೀವಿ, ಎರಡೂ ಈ ಅಡುಗೆಗೆ ಹೇಳಿ ಮಾಡಿಸಿದಂಥವು. ಆದರೆ ಅವುಗಳ ನೀರನ್ನು ತೊಳೆದು ಚೆಲ್ಲಿ, ಆಮೇಲೆ ರುಚಿಗೆಂದು ಸೂಪ್ ಕ್ಯೂಬ್ ಹಾಕುವ ಪಾಕವಿಧಾನಗಳು ಅಚ್ಚಾಗುತ್ತಿವೆ. ಅದನ್ನು ನೋಡಲಾರದೆ ಈ ಪತ್ರ.

ಪತ್ರಿಕೆಗೂ ಚೌಡರ್‌ಗೂ ಹಳೆಯ ನಂಟು. ಅಮೆರಿಕದಲ್ಲಿ ಚೌಡರ್‌ನ ಪಾಕವಿಧಾನ ಅಚ್ಚಾದದ್ದು 1751ರಲ್ಲಿ, ಬಾಸ್ಟನ್ ಈವ್ನಿಂಗ್ ಪೋಸ್ಟ್ ಎಂಬ ಪತ್ರಿಕೆಯಲ್ಲಿ, ಅದೂ ಪದ್ಯರೂಪದಲ್ಲಿ. ಅದರಲ್ಲಿ ಹಾಲೂ ಇಲ್ಲ, ಆಲೂಗಡ್ಡೆಯೂ ಇಲ್ಲ. ಈರುಳ್ಳಿ, ಉಪ್ಪು ಹಾಕಿದ ಹಂದಿಮಾಂಸ, ಮೀನು, ಬಿಸ್ಕತ್ತು ಇವನ್ನು ಪದರ ಪದರವಾಗಿ ಹಾಸಿ ಬೇಯಿಸುವ ಕ್ರಮವದು. ಅದರ ಒಂದು ಗುಣ ಮಾತ್ರ ಇವತ್ತಿನ ಪಾಕವಿಧಾನಗಳಲ್ಲಿ ಕಾಣುವುದಿಲ್ಲ. ತಳದಲ್ಲಿ ಮೊದಲು ಈರುಳ್ಳಿ ಹಾಸಿ, ಚೌಡರನ್ನು ಮಗುಚುವಂತಿಲ್ಲವಾದ್ದರಿಂದ ಹಾಗೆ ಮಾಡದಿದ್ದರೆ ಮಾಂಸ ಸೀಯುತ್ತದೆ ಎಂದು ಅದು ಕಾರಣ ಸಮೇತ ಹೇಳುತ್ತದೆ. ಹಾಲು, ಆಲೂಗಡ್ಡೆ ಆಮೇಲೆ ಸೇರಿದವು, ಬಿಸ್ಕತ್ತು ಬಟ್ಟಲಿನ ಪಕ್ಕಕ್ಕೆ ಸರಿಯಿತು.

ಈಗ ಕೆಲಸಕ್ಕೆ ಬರುತ್ತೇನೆ. ನಾಲ್ಕು ಜನರಿಗೆ ಚಿಪ್ಪು ಸಮೇತ ಒಂದೂವರೆ ಕಿಲೋ ಮರುವಾಯಿ ಬೇಕು. ಎಣಿಸಿ ಕೊಳ್ಳುವುದಾದರೆ ಮಧ್ಯಮ ಗಾತ್ರದ್ದು ಸುಮಾರು ನೂರು. ತೂಕವೆಲ್ಲ ಚಿಪ್ಪಿನದೇ. ಮಾಂಸ ಇನ್ನೂರು ಗ್ರಾಂ ಸಿಕ್ಕರೆ ಹೆಚ್ಚು. ಹಾಗಾಗಿ ಮಾಂಸವನ್ನಷ್ಟೇ ನೆಚ್ಚಿದರೆ ಇದು ದುಬಾರಿ ಅಡುಗೆ, ನೀರನ್ನೂ ಲೆಕ್ಕಕ್ಕೆ ಹಿಡಿದರೆ ಅಗ್ಗ.

ಮೊದಲ ತಪ್ಪು ಆಗುವುದು ಮರಳು ಬಿಡಿಸುವಲ್ಲಿ. ಮರುವಾಯಿಯನ್ನು ಬಾವಿ ನೀರಿನಲ್ಲೋ ನಳ್ಳಿ ನೀರಿನಲ್ಲೋ ನೆನೆಹಾಕಿದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ, ಇಲ್ಲವೇ ಸಾಯುತ್ತದೆ. ಮರಳು ಒಳಗೇ ಉಳಿಯುತ್ತದೆ. ಅದು ಬಾಯಿ ತೆರೆಯಬೇಕಾದರೆ ಹೊಳೆಬಾಯಿಯ ಉಪ್ಪು ಬೇಕು. 1 ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ. ಅಗಲ ಪಾತ್ರೆಯಲ್ಲಿ ತೂತಿನ ಜರಡಿಯಿಟ್ಟು, ಅದರ ಮೇಲೆ ಮರುವಾಯಿಯನ್ನು ಒಂದೇ ಪದರವಾಗಿ ಹರಡಿ, ಮುಳುಗುವಷ್ಟು ಮಾತ್ರ ನೀರು ಹೊಯ್ಯಿರಿ. ಜರಡಿ ಯಾಕೆಂದರೆ, ಉಗುಳಿದ ಮರಳು ಕೆಳಗೆ ಇಳಿಯಬೇಕು. ಪಾತ್ರೆಯ ತಳದಲ್ಲೇ ಮಲಗಿಸಿದರೆ ಅದೇ ಮರಳನ್ನು ಮತ್ತೆ ಒಳಗೆಳೆದುಕೊಳ್ಳುತ್ತವೆ. ಗಾಳಿಯಾಡುವಂತೆ ತೆಳು ಬಟ್ಟೆ ಮುಚ್ಚಿ, ಕತ್ತಲೆ ಮೂಲೆಯಲ್ಲಿ ಎರಡು ಮೂರು ಗಂಟೆ ಬಿಡಿ. ನಡುವೆ ಒಮ್ಮೆ ಉಪ್ಪುನೀರು ಬದಲಿಸಿ. ನೀರು ಹೆಚ್ಚು ಆಳವಿದ್ದರೆ, ರಾತ್ರಿಯಿಡೀ ಬಿಟ್ಟರೆ ಉಸಿರುಗಟ್ಟಿ ಸಾಯುತ್ತವೆ.

ಬೇಯಿಸುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಬಾಯಿ ತೆರೆದಿದ್ದರೆ ಚಿಪ್ಪಿಗೆ ತಟ್ಟಿ. ಮುಚ್ಚಿಕೊಳ್ಳದಿದ್ದರೆ ಸತ್ತದ್ದೆಂದು ಎಸೆಯಿರಿ. ಬಿಗಿಯಾಗಿ ಮುಚ್ಚಿದ್ದರೂ ಗಾತ್ರಕ್ಕೆ ಮೀರಿ ಭಾರವಿದ್ದರೆ, ಬೆರಳಲ್ಲಿ ಅಡ್ಡಕ್ಕೆ ಒತ್ತಿದಾಗ ಚಿಪ್ಪು ಜಾರಿದರೆ, ಅದರೊಳಗಿರುವುದು ಕೆಸರು. ಅಂಥದ್ದು ಒಂದೇ ಒಂದು ಬಾಯಿ ಬಿಟ್ಟರೂ ಪಾತ್ರೆಯಿಡೀ ಹಾಳು. ಆದ್ದರಿಂದಲೇ ಮರುವಾಯಿಯನ್ನು ನೇರ ಚೌಡರ್ ಪಾತ್ರೆಗೆ ಸುರಿಯಬಾರದು. ಬೇರೆ ಪಾತ್ರೆಯಲ್ಲಿ, ಎರಡು ಸರ್ತಿಯಾಗಿ ಬಾಯಿ ಬಿಡಿಸಬೇಕು.

ಅಗಲ ಬಾಣಲೆಯಲ್ಲಿ 200 ಮಿ.ಲೀ. ನೀರು ಕುದಿಸಿ. ಉಪ್ಪು ಹಾಕಬೇಡಿ. ಮರುವಾಯಿ ಹಾಕಿ ಮುಚ್ಚಿ, ದೊಡ್ಡ ಉರಿಯಲ್ಲಿ ನಾಲ್ಕರಿಂದ ಆರು ನಿಮಿಷ ಇಡಿ. ಬಾಯಿ ತೆರೆದದ್ದನ್ನು ಆಗಿಂದಾಗ ತೆಗೆಯಿರಿ. ಕೊನೆಗೂ ತೆರೆಯದ್ದನ್ನು ಮೆಟ್ಟುಕತ್ತಿಗೆ ಕೊಟ್ಟು ಬಿಡಿಸಲು ಹೋಗಬೇಡಿ, ಎಸೆಯಿರಿ. ಎರಡನೆಯ ಸರ್ತಿಗೂ ಅದೇ ನೀರು. ಕೊನೆಯಲ್ಲಿ ಬೂದುಬಣ್ಣದ ಮಸುಕು ನೀರು ಅರ್ಧ ಲೀಟರಿನಷ್ಟು ಇರುತ್ತದೆ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟು, ಒದ್ದೆ ಪಾಣಿಪಂಚೆಯ ತುಂಡಿನಲ್ಲಿ ಸೋಸಿ, ತಳದ ಎರಡು ಚಮಚ ಬಿಟ್ಟುಬಿಡಿ. ಅಲ್ಲಿ ಸಣ್ಣ ಮರಳಿರುತ್ತದೆ. ಈ ನೀರನ್ನು ನಾಲಗೆಗೆ ತಾಗಿಸಿ ನೋಡಿ. ಸಮುದ್ರದ ಉಪ್ಪು ಇದರಲ್ಲೇ ಇದೆ. ಶುರುವಿನಲ್ಲೇ ‘ರುಚಿಗೆ ತಕ್ಕಷ್ಟು’ ಹಾಕಿದವರ ಚೌಡರ್ ಕೊನೆಗೆ ಬಾಯಿಗಿಡಲಾಗದಷ್ಟು ಉಪ್ಪಾಗುವುದು ಇದರಿಂದ. ಉಪ್ಪು ಬೇಕಾದರೆ ಇಳಿಸುವ ಹೊತ್ತಿಗೆ ಹಾಕಿದರಾಯಿತು. ಹೆಚ್ಚಿನ ಸಲ ಬೇಕಾಗುವುದೇ ಇಲ್ಲ.

ಕಲ್ಲುಮ್ಮಕಾಯಿಯಾದರೆ 1 ಕಿಲೋ ಸಾಕು, ಅದರಲ್ಲಿ ಮಾಂಸ ಹೆಚ್ಚು. ಚಿಪ್ಪಿನಿಂದ ಹೊರಬಂದ ನಾರನ್ನು ಬೇಯಿಸುವ ಸ್ವಲ್ಪ ಮೊದಲು, ಚಿಪ್ಪಿನ ಬಿಜಾಗರಿಯ ಕಡೆಗೆ ಎಳೆದು ಕೀಳಬೇಕು. ಮಳೆಗಾಲ ಕಳೆದ ಮೇಲೆ ಹಗ್ಗಕ್ಕೆ ಕಟ್ಟಿದ ಮರಿಗಳು ಬೆಳೆದು, ಮತ್ತೆ ಮಳೆ ಬಂದು ಹಿನ್ನೀರಿನ ಉಪ್ಪು ಇಳಿಯುವ ಮೊದಲೇ, ಎಪ್ರಿಲ್ ಮೇ ಹೊತ್ತಿಗೆ ಕೊಯ್ಲಾಗುತ್ತವೆ. ಚೌಡರ್‌ಗೆ ಒಳ್ಳೆಯ ಕಾಲ ಅದು.

ಇನ್ನು ಆಲೂಗಡ್ಡೆ, 400 ಗ್ರಾಂ. ಎಲ್ಲ ಆಲೂಗಡ್ಡೆಯೂ ಒಂದೇ ಅಲ್ಲ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಏಳುವ ಹೊಸ ಗಡ್ಡೆ ಬೆಂದರೂ ತುಂಡು ತುಂಡಾಗಿಯೇ ನಿಲ್ಲುತ್ತದೆ, ಸಾರಿಗೆ ದಪ್ಪ ಕೊಡುವುದಿಲ್ಲ. ಹಿಟ್ಟು ಹಿಟ್ಟಾಗಿ ಒಡೆಯುವ ಹಳೆಯ ಗಡ್ಡೆ ದಪ್ಪ ಕೊಡುತ್ತದೆ, ಆದರೆ ತುಂಡು ಉಳಿಯುವುದಿಲ್ಲ. ಗುರುತು ಹಿಡಿಯಲು ಒಂದು ಪರೀಕ್ಷೆ ಇದೆ. ಒಂದು ಲೋಟ ಉಪ್ಪಿಗೆ ಹನ್ನೊಂದು ಲೋಟ ನೀರಿನ ದ್ರಾವಣದಲ್ಲಿ ಹಿಟ್ಟಿನ ಗಡ್ಡೆ ಮುಳುಗುತ್ತದೆ, ತುಂಡಾಗಿಯೇ ನಿಲ್ಲುವ ಅಂಟಿನ ಗಡ್ಡೆ ತೇಲುತ್ತದೆ. ಎರಡೂ ಸಿಕ್ಕರೆ ಅರ್ಧರ್ಧ ಹಾಕಿ. ಒಂದೇ ಬಗೆ ಸಿಕ್ಕರೆ ಮುಕ್ಕಾಲು ಪಾಲನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಉಳಿದದ್ದನ್ನು ತುರಿದು ಹಾಕಿ. ಹೆಚ್ಚಿದ ಮೇಲೆ ನೀರಿನಲ್ಲಿ ಹಾಕಿಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ದಪ್ಪ ಕೊಡಬೇಕಾದ ಪಿಷ್ಟವೇ ಆ ನೀರಿನಲ್ಲಿ ಹೋಗುತ್ತದೆ. ಕಪ್ಪಾಗುತ್ತದೆ ಎಂಬ ಹೆದರಿಕೆಯಿದ್ದರೆ ಈರುಳ್ಳಿ ಬಾಡಿದ ಮೇಲೆಯೇ ಹೆಚ್ಚಿಕೊಳ್ಳಿ.

ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ ಕರಗಿಸಿ, 150 ಗ್ರಾಂ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ ಬಾಡಿಸಿ. ಕೆಂಪಾಗಬಾರದು, ಗಾಜಿನಂತಾಗಬೇಕು. ಕೆಂಪಾದರೆ ಬಣ್ಣವೂ ಕೆಡುತ್ತದೆ, ಮರುವಾಯಿಯ ರುಚಿಯ ಮೇಲೆ ಕರಿದ ಈರುಳ್ಳಿಯ ಸಿಹಿ ಏರುತ್ತದೆ. ಮೂಲದಲ್ಲಿ ಇಲ್ಲಿ ಉಪ್ಪು ಹಂದಿಯ ಕೊಬ್ಬು ಕರಗಿಸುತ್ತಾರೆ. ಹಂದಿಮಾಂಸ ಮಾಡುವ ಮನೆಗಳಲ್ಲಿ 60 ಗ್ರಾಂ ಕೊಬ್ಬಿನ ತುಂಡು ಸಾಕು, ಬೆಣ್ಣೆ ಬಿಡಿ. ಉಳಿದವರು ಒಂದು ಚಮಚ ಒಣಸಿಗಡಿಯನ್ನು ತಲೆ ಬಾಲ ತೆಗೆದು, ಹುರಿದು ಪುಡಿಮಾಡಿ ಹಾಕಿದರೆ ಆ ಗಾಢತೆ ಸಾಕಷ್ಟು ಬರುತ್ತದೆ. ಥೈಮ್ ಎಂಬ ಸೊಪ್ಪಿಗೆ ಪೇಟೆ ಅಲೆಯಬೇಕಾಗಿಲ್ಲ. ನಮ್ಮ ಹಿತ್ತಿಲಿನ ಸಾಂಬ್ರಾಣಿ ಸೊಪ್ಪು, ಅಂದರೆ ದೊಡ್ಡಪತ್ರೆಯಲ್ಲಿ ಇರುವುದೂ ಬಹುಪಾಲು ಅದೇ ಪರಿಮಳದ ಎಣ್ಣೆ. ಎರಡು ಎಲೆ ಇಡಿಯಾಗಿ ಹಾಕಿ, ಹಾಲು ಹೊಯ್ಯುವ ಮೊದಲು ನೆನಪಿನಿಂದ ತೆಗೆಯಿರಿ.

ಬಳಿಕ ಆಲೂಗಡ್ಡೆ, ಸೋಸಿದ ಮರುವಾಯಿ ನೀರು. ನೀರು 600 ಮಿ.ಲೀ.ಗೆ ಕಡಿಮೆಯಾದರೆ ಬಿಸಿನೀರಿನಿಂದ ಭರ್ತಿ ಮಾಡಿ. ಮಧ್ಯಮ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಕುಕ್ಕರ್ ಬೇಡವೇ ಬೇಡ. ಹುಳಿಯೂ ಬೇಡ. ಟೊಮೆಟೊ, ಪುನರ್ಪುಳಿ, ಹುಣಸೆ ಯಾವುದು ಬಿದ್ದರೂ ಆಲೂಗಡ್ಡೆ ಬಿರುಸಾಗಿಯೇ ಉಳಿಯುತ್ತದೆ, ಮುಂದೆ ಹಾಲೂ ಒಡೆಯುತ್ತದೆ. ಟೊಮೆಟೊ ಹಾಕುವ ಚೌಡರ್ ಉಂಟು, ಮ್ಯಾನ್‌ಹಟನ್ ಎಂಬ ಹೆಸರಿನದು. ಅದಕ್ಕೆ ಹಾಲು ಹಾಕುವುದಿಲ್ಲ. ಎರಡನ್ನೂ ಬೆರೆಸಿದ ಪಾಕವಿಧಾನಗಳನ್ನು ದಯವಿಟ್ಟು ಅಚ್ಚುಮಾಡಬೇಡಿ.

ಆಲೂಗಡ್ಡೆ ಬೆಂದ ಮೇಲೆ ಮೂರರಲ್ಲೊಂದು ಪಾಲನ್ನು ಸೌಟಿನಿಂದ ಪಾತ್ರೆಯ ಅಂಚಿಗೆ ಒತ್ತಿ ಜಜ್ಜಿ. ಮಿಕ್ಸಿಗೆ ಹಾಕಿದರೆ ಪಿಷ್ಟದ ಕಣ ಒಡೆದು ಗೋಂದಿನಂತಾಗುತ್ತದೆ. ಹದ ಯಾವುದು ಎಂದರೆ, ನೀರುದೋಸೆಯ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು. ಕಾರ್ನ್‌ಫ್ಲೋರ್ ಯಾಕೆ ಕೂಡದು ಎಂಬುದು ಇಲ್ಲೇ ತಿಳಿಯುತ್ತದೆ. ಅದು ಹೊಳಪಿನ ಲೋಳೆಯಾಗುತ್ತದೆ, ಆರಿದರೆ ಗಟ್ಟಿ ಕಟ್ಟುತ್ತದೆ, ಮತ್ತೆ ಬಿಸಿ ಮಾಡಿದರೆ ನೀರು ಬಿಡುತ್ತದೆ. ಆಲೂಗಡ್ಡೆ ಕೊಡುವುದು ಗಂಜಿಯ ತಿಳಿಯಂಥ ಮೃದು ದಪ್ಪ. ದಪ್ಪ ಸಾಲದೆ ಹೋದರೆ ಒಂದು ಚಮಚ ಮೈದಾವನ್ನು ಈರುಳ್ಳಿಯ ಜತೆ ಎರಡು ನಿಮಿಷ ಹುರಿಯುವುದನ್ನು ಒಪ್ಪಬಹುದು, ಅದಕ್ಕಿಂತ ಹೆಚ್ಚು ಬೇಡ.

ಹಾಲು 300 ಮಿ.ಲೀ. ಪ್ಯಾಕೆಟ್ ಹಾಲಾದರೆ ಫುಲ್ ಕ್ರೀಮ್ ತನ್ನಿ. ಅದರಲ್ಲಿ ನೂರಕ್ಕೆ 6ರಷ್ಟು ಕೊಬ್ಬು ಇದೆ, ಟೋನ್ಡ್ ಹಾಲಿನಲ್ಲಿ 3. ಬೇರೆ ಕ್ರೀಮ್ ಬೇಕಾಗುವುದಿಲ್ಲ. ಹಾಲನ್ನು ಬೇರೆಯಾಗಿ ಕಾಯಿಸಿ, ಒಡೆಯುವುದಿಲ್ಲ ಎಂದು ಖಚಿತ ಮಾಡಿಕೊಂಡು, ಬಿಸಿಯಿರುವಾಗಲೇ ಸೇರಿಸಿ. ಸೇರಿಸಿದ ಮೇಲೆ ಕುದಿಯಬಾರದು. ಮೇಲೆ ಹಬೆಯಾಡಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಅಷ್ಟೇ. ಮರುವಾಯಿಯ ಉಪ್ಪಿಗೆ ಕುದಿಯುವ ಶಾಖ ಸೇರಿದರೆ ಹಾಲಿನ ಪ್ರೋಟೀನು ಮುದ್ದೆಗಟ್ಟಿ ಮೊಸರಿನ ಕಣದಂತೆ ತೇಲುತ್ತದೆ. ಒಮ್ಮೆ ಒಡೆದದ್ದು ಮತ್ತೆ ಕೂಡುವುದಿಲ್ಲ.

ತೆಂಗಿನ ಹಾಲಿನಲ್ಲಿ ಮಾಡಬಹುದೇ ಎಂದರೆ, ಖಂಡಿತ. ಒಂದು ಕಾಯಿಯ ತುರಿಯಿಂದ 150 ಮಿ.ಲೀ. ಮೊದಲ ಹಾಲು ತೆಗೆದಿಟ್ಟು, ಎರಡನೆಯ ಹಾಲಿನಲ್ಲಿ ಮತ್ತು ಮರುವಾಯಿ ನೀರಿನಲ್ಲಿ ಆಲೂಗಡ್ಡೆ ಬೇಯಿಸಿ, ಮೊದಲ ಹಾಲನ್ನು ಒಲೆಯಿಂದ ಇಳಿಸಿದ ಮೇಲೆ ಹೊಯ್ಯಿರಿ. ಕುದಿಸಿದರೆ ಎಣ್ಣೆ ಬಿಡುತ್ತದೆ. ಹಸುವಿನ ಹಾಲನ್ನೂ ತೆಂಗಿನ ಹಾಲನ್ನೂ ಒಟ್ಟಿಗೆ ಬೆರೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡರ ಸಿಹಿಯೂ ಕೂಡಿ ಮರುವಾಯಿ ಹಿಂದೆ ಬೀಳುತ್ತದೆ.

ಬಿಡಿಸಿಟ್ಟ ಮಾಂಸ ಹಾಕುವುದು ಕೊನೆಯಲ್ಲಿ. ದೊಡ್ಡದನ್ನು ಎರಡು ತುಂಡು ಮಾಡಿ, ಒಂದು ನಿಮಿಷ ಬಿಸಿಯಾದರೆ ಸಾಕು. ಅದು ಬಾಯಿ ಬಿಟ್ಟಾಗಲೇ ಬೆಂದಾಗಿದೆ. ಮತ್ತೆ ಕುದಿಸಿದರೆ ರಬ್ಬರು. ಆಗಷ್ಟೇ ಕುಟ್ಟಿದ ಕರಿಮೆಣಸು ಅರ್ಧ ಚಮಚ ಹಾಕಿ, ಒಲೆಯಿಂದ ಇಳಿಸಿ, ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಆ ಇಪ್ಪತ್ತು ನಿಮಿಷದಲ್ಲಿ ಆಲೂಗಡ್ಡೆ ಉಪ್ಪು ಹೀರಿ ರುಚಿ ಒಂದಾಗುತ್ತದೆ. ಬಡಿಸುವಾಗ ಜತೆಗೆ ಬೇಕರಿಯ ಉಪ್ಪು ಬಿಸ್ಕತ್ತು ಮುರಿದು ಹಾಕಿಕೊಳ್ಳಬಹುದು. ಸಿಹಿ ರಸ್ಕ್ ಆಗದು. ಓಡುದೋಸೆ ಬಹಳ ಚೆನ್ನ, ಅದರ ತೂತುಗಳು ಚೌಡರ್ ಹಿಡಿದುಕೊಳ್ಳುತ್ತವೆ.

ಮೀನು ಹಾಕುವವರು ಅಂಜಲ್, ಕಾಣೆಯಂಥ ಬಿಳಿ ಮಾಂಸದ್ದನ್ನು ಆರಿಸಲಿ. ಬೂತಾಯಿ, ಬಂಗುಡೆಯ ಎಣ್ಣೆ ಹಾಲಿಗೆ ಹೊಂದುವುದಿಲ್ಲ.

ಮಳೆಗಾಲದ ಮಾತೊಂದು ಹೇಳಲೇಬೇಕು. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ಹೊಳೆಗೆ ಊರಿನ ಕೊಳೆಯೆಲ್ಲ ಇಳಿಯುವ ದಿನಗಳಲ್ಲಿ ಆ ಕೊಳೆಯೂ ಅದರೊಳಗೆ ಸೇರುತ್ತದೆ, ಉಪ್ಪುನೀರಿನಲ್ಲಿ ನೆನೆಸಿದರೆ ಮರಳು ಹೋಗುತ್ತದೆಯೇ ಹೊರತು ಅದು ಹೋಗುವುದಿಲ್ಲ. ಆಗ ಹಲಸಿನ ಬೀಜ ಮತ್ತು ಜೋಳದ ಚೌಡರ್ ಮಾಡಿ. ಎರಡು ಎಳೆ ಮುಸುಕಿನ ಜೋಳದ ಕಾಳು ಬಿಡಿಸಿ, ಬರಿ ದಿಂಡನ್ನು 800 ಮಿ.ಲೀ. ನೀರಿನಲ್ಲಿ ಇಪ್ಪತ್ತೈದು ನಿಮಿಷ ಕುದಿಸಿದರೆ ಸಿಗುವ ಸಿಹಿ ನೀರೇ ಮರುವಾಯಿ ನೀರಿನ ಜಾಗದಲ್ಲಿ ಬರುತ್ತದೆ. 200 ಗ್ರಾಂ ಹಲಸಿನ ಬೀಜವನ್ನು ಹೊರಸಿಪ್ಪೆ ತೆಗೆದು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಅರ್ಧ ಅರೆದು, ಅರ್ಧ ತುಂಡಾಗಿ ಹಾಕಿ. ಇದಕ್ಕೆ ಉಪ್ಪು ಒಂದು ಚಿಕ್ಕ ಚಮಚ ಬೇಕಾಗುತ್ತದೆ. ಆಲೂಗಡ್ಡೆ ಅರ್ಧಕ್ಕಿಳಿಸಬಹುದು. ಉಳಿದ ಕ್ರಮ ಅದೇ.

ಸಂಪಾದಕರಲ್ಲಿ ಕೇಳಿಕೊಳ್ಳುವುದಿಷ್ಟೆ. ಇಂಥ ಹೊರನಾಡಿನ ಅಡುಗೆಯನ್ನು ಅಚ್ಚುಮಾಡುವಾಗ ತೂಕವನ್ನು ಗ್ರಾಮಿನಲ್ಲಿ ಕೊಡಿ, ಉಪ್ಪು ಯಾವ ಹಂತದಲ್ಲಿ ಎಂದು ಹೇಳಿ, ಕುದಿಸಬಾರದ್ದನ್ನು ಕುದಿಸಬಾರದು ಎಂದು ಬರೆಯಿರಿ. ‘ಕ್ಲಾಮ್ ಸಿಗದಿದ್ದರೆ ಅಣಬೆ ಬಳಸಿ’ ಎಂದು ಸೂಚಿಸುವ ಮೊದಲು ಮರುವಾಯಿ ಎಂಬ ಹೆಸರನ್ನು ಹಾಕಿ. ಕುಂಬಳೆಯಿಂದ ಕಾರವಾರದ ವರೆಗೆ ಓದುಗರಿಗೆ ಅದು ಮರುವಾಯಿಯಾಗಿಯೋ ಬಳಚು ಆಗಿಯೋ ತಿಸರೆಯಾಗಿಯೋ ಗೊತ್ತಿದೆ.

ಕೊನೆಯದಾಗಿ, ಮಿಕ್ಕ ಚೌಡರನ್ನು ನಮ್ಮ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿಟ್ಟು ಮರುದಿನ ಒಂದೇ ಸಲ, ಸಣ್ಣ ಉರಿಯಲ್ಲಿ, ಕುದಿಯದಂತೆ, ಆದರೆ ನಡುವೆಯೂ ಹಬೆಯಾಡುವಷ್ಟು ಬಿಸಿ ಮಾಡಿ. ರಾತ್ರಿ ಕಳೆದಾಗ ಗಟ್ಟಿಯಾಗಿರುತ್ತದೆ. ಸಡಿಲಿಸಲು ನೀರು ಬೇಡ, ಅರ್ಧ ಲೋಟ ಬಿಸಿ ಹಾಲು ಹೊಯ್ಯಿರಿ.

ಇತಿ,
ಓದುಗರೊಬ್ಬರು
ಕುಂಬಳೆ, ಕಾಸರಗೋಡು ಜಿಲ್ಲೆ