ಮರದ ಆನೆಯ ಬಣ್ಣ ಸುಲಿಯುವುದೇಕೆ?

ಮಾನ್ಯ ಸಂಪಾದಕರಿಗೆ,

ಸಾದರ ನಮಸ್ಕಾರಗಳು. ಕೈಯಲ್ಲಿ ಕೆತ್ತಿದ ಮರದ ಪ್ರಾಣಿಗಳು ಮುಂಬಯಿಯ ಮಳೆಗಾಲವನ್ನು ತಾಳಲಾರವು, ಮನೆಯ ಅಲಂಕಾರಕ್ಕೆ ಫೈಬರಿನವೇ ಲೇಸು ಎಂಬ ಮಾತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದಿದೆ. ನಿವೃತ್ತಿಯ ನಂತರ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಕುಳಿತು ಆನೆ, ಬಸವ, ನವಿಲುಗಳನ್ನು ಕೆತ್ತುತ್ತ ಬಂದಿರುವ ನನಗೆ ಈ ಮಾತನ್ನು ಒಪ್ಪಲಾಗಲಿಲ್ಲ. ಬಣ್ಣ ಸುಲಿಯುವುದು ನಿಜ. ಆದರೆ ಬಣ್ಣಕ್ಕೆ ಮೊದಲು ಮಾಡಬೇಕಾದ ಕೆಲಸವನ್ನು ಬಿಟ್ಟು, ಆಮೇಲೆ ಮರವನ್ನು ದೂರುವುದು ನ್ಯಾಯವಲ್ಲ.

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಶಿವನೆ ಮರದಲ್ಲಿ ಗೇಣುದ್ದದ ಆನೆಯನ್ನು ಕೆತ್ತಿ, ಜುಲೈ ತಿಂಗಳ ಜಡಿಮಳೆಯಲ್ಲಿ ಒಂದೇ ದಿನ ಎರಡು ಸಲ ಎನಾಮಲ್ ಬಳಿದು ಕೊಟ್ಟಿದ್ದೆ. ದೀಪಾವಳಿಯ ಹೊತ್ತಿಗೆ ಪಾದಗಳಲ್ಲೂ ಸೊಂಡಿಲ ತುದಿಯಲ್ಲೂ ಬಣ್ಣ ಬೊಬ್ಬೆಯೆದ್ದು ಕಿತ್ತು ಬಂತು. ಬೆನ್ನಿನ ಬಣ್ಣ ಮಾತ್ರ ಗಟ್ಟಿಯಾಗಿಯೇ ಇತ್ತು. ಪಾದದಲ್ಲಿ ಮರದ ನಾರುಗಳು ಅಡ್ಡಕ್ಕೆ ಕಡಿದು ಬಾಯ್ದೆರೆದಿರುತ್ತವೆ, ಗಾಳಿಯ ತೇವವನ್ನು ಮರ ಬೇಗನೆ ಹೀರುವುದು ಆ ಬಾಯಿಗಳಿಂದಲೇ. ತೇವ ಹೀರಿದ ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅಡ್ಡಕ್ಕೆ ಹಿಗ್ಗಿ, ಒಣಹವೆಯಲ್ಲಿ ಮತ್ತೆ ಕುಗ್ಗುತ್ತದೆ. ಮೇಲಿನ ಗಡಸು ಪದರಕ್ಕೆ ಅದರೊಡನೆ ಹಿಗ್ಗಿ ಕುಗ್ಗುವ ಶಕ್ತಿ ಇಲ್ಲದಿದ್ದಾಗ ಅದು ಬಿಟ್ಟುಕೊಳ್ಳುತ್ತದೆ.

ಆ ಆನೆಯನ್ನು ಮರುವರ್ಷ ಮಾರ್ಚಿಯಲ್ಲಿ ಪೂರ್ತಿ ಕೆರೆದು ಮತ್ತೆ ಮಾಡಿದೆ. 120ನೇ ನಂಬರಿನ ಉಪ್ಪುಕಾಗದದಿಂದ ಆರಂಭಿಸಿ ಅದಕ್ಕಿಂತ ನಯವಾದ 220ರವರೆಗೆ ನಾರಿನ ಜಾಡಿನಲ್ಲೇ ಉಜ್ಜಿದ ಬಳಿಕ ಒದ್ದೆ ಬಟ್ಟೆಯಿಂದ ಒಮ್ಮೆ ಮೈ ಒರೆಸಿದರೆ, ಒಳಗೆ ಅಡಗಿದ್ದ ಸಣ್ಣ ನಾರುಗಳು ಮುಳ್ಳಿನಂತೆ ನಿಲ್ಲುತ್ತವೆ. ಚೆನ್ನಾಗಿ ಒಣಗಿದ ಮೇಲೆ ಅವನ್ನು ಹಗುರ ಕೈಯಿಂದ ಉಜ್ಜಿ ತೆಗೆಯಬೇಕು. ಇದನ್ನು ಬಿಟ್ಟರೆ ಬಣ್ಣದ ಮೊದಲ ಕೈಯೇ ಅವನ್ನು ಎಬ್ಬಿಸಿ ಮೈಯನ್ನು ದೊರಗು ಮಾಡುತ್ತದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೀರ ತೆಳುವಾಗಿ ಇಡೀ ಮೈಗೆ ಒಂದು ಸಲ, ಪಾದ ಮತ್ತು ಸೊಂಡಿಲ ತುದಿಗೆ ಮೂರು ಸಲ ಕೊಟ್ಟೆ. ಇಷ್ಟಾದ ಮೇಲೆಯೇ ಬಣ್ಣ. ಅದೂ ಒಂದೊಂದು ತೆಳು ಕೈ ಪೂರ್ತಿ ಒಣಗಿದ ಬಳಿಕ ಇನ್ನೊಂದು. ಕಣ್ಣನ್ನು ಕೊನೆಗೆ ಬರೆದೆ. ನಾಲ್ಕು ಮಳೆಗಾಲ ಕಳೆದರೂ ಆ ಆನೆಯ ಪಾದ ಸುಲಿದಿಲ್ಲ.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಇದನ್ನು ನನಗಿಂತ ಎಷ್ಟೋ ಚೆನ್ನಾಗಿ ಬಲ್ಲರು. ಹಗುರವಾದ ಮರದಲ್ಲಿ ಗೊಂಬೆಯನ್ನು ಕೆತ್ತಿ, ಗೋಣಿನಾರಿನ ಪುಡಿ, ಮರದ ಹೊಟ್ಟು ಮತ್ತು ಹುಣಿಸೆಬೀಜದ ಅಂಟನ್ನು ಕಲಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ನುಣ್ಣನೆಯ ಪುಡಿಯ ಲೇಪ ಕೊಟ್ಟ ಮೇಲೆಯೇ ಅವರು ಬಣ್ಣಕ್ಕೆ ಕೈಹಾಕುವುದು. ಮುಂಬಯಿಯಿಂದ ಊರಿಗೆ ಹೋಗುವ ನಮ್ಮ ಕರಾವಳಿಯವರು ಕೊಂಕಣ ರೈಲಿನಲ್ಲಿ ದಾಟುವ ಸಾವಂತವಾಡಿಯಲ್ಲೂ ಮರದ ಆಟಿಕೆಗಳ ಕಸುಬು ಇಂದಿಗೂ ಉಳಿದಿದೆ. ಅಲ್ಲಿ ಮುಂಬಯಿಗಿಂತ ಹೆಚ್ಚೇ ಮಳೆ ಸುರಿಯುತ್ತದೆ.

ಚನ್ನಪಟ್ಟಣದ ಗೊಂಬೆಯಂತಹ ಹೊಳಪು ಬೇಕೆಂದು ಕೇಳುವವರು ಬಹಳ. ಆ ಹೊಳಪು ಬರುವುದು ಲೇತ್ ಯಂತ್ರದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ತಿಕ್ಕಾಟದ ಬಿಸಿಗೆ ಅದು ಕರಗಿ ಹಿಡಿಯುವುದರಿಂದ. ಕಿವಿ, ಸೊಂಡಿಲುಗಳಿರುವ ಕೈಕೆತ್ತನೆಯ ಆನೆಯನ್ನು ಹಾಗೆ ತಿರುಗಿಸಲಾಗದು. ಅದಕ್ಕೆ ಬದಲಾಗಿ ದಪ್ಪ ವಾರ್ನಿಷ್ ಸುರಿದರೆ ಉಳಿಯ ಗುರುತುಗಳೆಲ್ಲ ಮುಚ್ಚಿ, ಮರದ ಆನೆ ಪ್ಲಾಸ್ಟಿಕ್ಕಿನ ಆನೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಆನೆಯ ಕಣ್ಣಿಗಷ್ಟೇ ಹೊಳಪು ಸಾಕು. ಮಳೆಗಾಲದಲ್ಲಂತೂ ಅರಗಿನ ಪಾಲಿಷ್ ಬೇಡವೇ ಬೇಡ. ಸ್ಪಿರಿಟ್ಟು ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಬೂದಿ ಎರಚಿದಂತೆ ಬೆಳ್ಳಗಾಗುತ್ತದೆ.

ಮಕ್ಕಳ ಕೈಗೆ ಹೋಗುವ ಆಟಿಕೆಗೆ ಮನೆಯ ಮೂಲೆಯಲ್ಲಿ ಉಳಿದಿರುವ ಹಳೆಯ ಡಬ್ಬಿಯ ಬಣ್ಣವನ್ನು ದಯವಿಟ್ಟು ಬಳಸಬೇಡಿ. ಮನೆಬಳಕೆಯ ಬಣ್ಣದಲ್ಲಿ ಮಕ್ಕಳಿಗೆ ವಿಷವಾದ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮ ಆದದ್ದೇ 2016ರಲ್ಲಿ.

ನಮ್ಮ ಕನ್ನಡ ಸಂಘಗಳು ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು ಕಲಿಸುವುದು ಸಂತೋಷದ ಸಂಗತಿ. ಅದನ್ನು ಒಂದು ಮಧ್ಯಾಹ್ನಕ್ಕೆ ಮುಗಿಸದೆ ಎರಡು ಭಾನುವಾರಗಳಿಗೆ ಹಂಚಬೇಕೆಂದೂ, ಮೊದಲ ಭಾನುವಾರ ಮಕ್ಕಳ ಕೈಗೆ ಕುಂಚದ ಬದಲು ಉಪ್ಪುಕಾಗದವನ್ನು ಕೊಡಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಡೊಂಬಿವಲಿಯಲ್ಲಿ ನಡೆಯುವ ಶಿಬಿರಕ್ಕೆ ಬೇಕಾಗುವ ಮರದ ತುಂಡುಗಳನ್ನು ಒದಗಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಡೊಂಬಿವಲಿ ಪೂರ್ವ