ಒಂಬತ್ತನೇ ತರಗತಿಯ ಸಿನಿಮಾ ಚರ್ಚೆ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಸಿನಿಮಾಗಳಲ್ಲಿ ಮಾನಸಿಕ ಕಾಯಿಲೆಯನ್ನು ಹೇಗೆ ತೋರಿಸುತ್ತಾರೆ ಎಂದು ಒಂಬತ್ತನೇ ತರಗತಿಯಲ್ಲಿ ನಡೆಸಿದ ಚರ್ಚೆಯ ಬಗ್ಗೆ ನಿಮ್ಮಲ್ಲಿ ಕೆಲವರು ಬೇಸರ ಹೇಳಿಕೊಂಡಿದ್ದೀರಿ. "ಮಕ್ಕಳ ತಲೆಗೆ ಇಲ್ಲದ್ದನ್ನೆಲ್ಲ ಯಾಕೆ ತುಂಬ್ತೀರಿ ಮೇಡಂ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು.

ಈ ಚರ್ಚೆ ಸುಮ್ನೆ ಹುಟ್ಟಿದ್ದಲ್ಲ. ಚಿಕಿತ್ಸೆ ಪಡೆದು ಶಾಲೆಗೆ ಮರಳಿದ ಒಂದು ಮಗುವನ್ನು ಕೆಲವರು ಸಿನಿಮಾ ಪಾತ್ರದ ಹೆಸರಿಟ್ಟು ಕರೆದರು, ಆ ಪಾತ್ರದ ನಗುವನ್ನು ಅಣಕಿಸಿದರು. ಆ ಮಗು ಯಾರು ಎಂದು ದಯವಿಟ್ಟು ಕೇಳಬೇಡಿ. ಅಣಕಿಸಿದವರೂ ಕೆಟ್ಟ ಮಕ್ಕಳಲ್ಲ. ತೆರೆಯ ಮೇಲೆ ಕಂಡದ್ದನ್ನೇ ನಿಜ ಅಂದುಕೊಂಡಿದ್ದರು, ಅಷ್ಟೆ.

ತೆರೆಯ ಮೇಲೆ ಅವರಿಗೆ ಕಾಣುವುದಾದರೂ ಏನು? ಕಾಯಿಲೆಯವರು ಒಂದೋ ಕೊಲೆ ಮಾಡುತ್ತಾರೆ, ಇಲ್ಲವೇ ನಗಿಸುತ್ತಾರೆ. ತಲೆಗೆ ಏಟು ಬಿದ್ದರೆ ಎಲ್ಲ ಸರಿಹೋಗುತ್ತದೆ. 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಚಿತ್ರದಲ್ಲಿ ಕರೆಂಟ್ ಶಾಕ್ ಚಿಕಿತ್ಸೆಯನ್ನು ಶಿಕ್ಷೆಯ ಹಾಗೆ, ಎಚ್ಚರವಿರುವವನಿಗೇ ಕೊಡುತ್ತಾರೆ. ಇವತ್ತು ಅದನ್ನು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲೆ ಮಾಡುತ್ತಾರೆ. 2001ರ 'ಎ ಬ್ಯೂಟಿಫುಲ್ ಮೈಂಡ್' ಪ್ರೀತಿಯಿಂದ ಮಾಡಿದ ಚಿತ್ರ, ನನಗೂ ಇಷ್ಟ. ಅದರಲ್ಲೂ ಗಣಿತಜ್ಞ ಜಾನ್ ನ್ಯಾಶ್‌ಗೆ ಇಲ್ಲದ ಮನುಷ್ಯರು ಕಾಣಿಸುತ್ತಾರೆ. ನಿಜ ಜೀವನದಲ್ಲಿ ಅವರನ್ನು ಕಾಡಿದ್ದು ದನಿಗಳು. ದನಿಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ, ಅಲ್ವಾ? ಇದನ್ನು ಕೇಳಿದ ಮೇಲೆ ಮಕ್ಕಳ ಪ್ರಶ್ನೆಗಳು ನಿಲ್ಲಲೇ ಇಲ್ಲ. ಅಂದಹಾಗೆ, ತರಗತಿಯಲ್ಲಿ ಯಾವ ಸಿನಿಮಾವನ್ನೂ ಹಾಕಿಲ್ಲ. ಮಾತಾಡಿದ್ದು ಮಾತ್ರ.

ಈಗ ನಿಮ್ಮ ಭಯದ ವಿಷಯ. ಮಾತಾಡಿದ್ದಕ್ಕೆ ಕಾಯಿಲೆ ಬರುವುದಿಲ್ಲ. ಮಕ್ಕಳ ವಿಷಯದಲ್ಲಿ ಅಳುಕು ಇರುವುದು ಸಹಜ, ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೂ ಮತ್ತೆ ಹೇಳುತ್ತೇನೆ, ಮಾತಾಡಿದ್ದಕ್ಕೆ ಬರುವುದಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷದೊಳಗೇ ಶುರುವಾಗುತ್ತವೆ, ಹೆಚ್ಚಿನವು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮ ಮಕ್ಕಳದ್ದೂ ಅದೇ ವಯಸ್ಸು. ನಿದ್ದೆ ಬಾರದ, ಯಾವುದರಲ್ಲೂ ಮನಸ್ಸಿಲ್ಲದ ಮಗು "ನನ್ನನ್ನೂ ಹಾಗೇ ಕರೀತಾರೆ" ಎಂದು ಹೆದರಿ ಬಾಯಿ ಬಿಡದಿದ್ದರೆ ನಷ್ಟ ಯಾರಿಗೆ? ಸಿನಿಮಾ ಹೇಳದ ಇನ್ನೊಂದು ಮಾತಿದೆ. ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವುದಿಲ್ಲ. ಬೇರೆಯವರಿಂದ ಏಟು ತಿನ್ನುವುದೇ ಜಾಸ್ತಿ.

ಹಾಗಾಗಿ ಚರ್ಚೆ ಮುಂದುವರಿಯುತ್ತದೆ. ಇನ್ನು ಮುಂದೆ ಆಪ್ತಸಮಾಲೋಚಕರೂ ತರಗತಿಯಲ್ಲಿ ಇರುತ್ತಾರೆ. ಬೇಡ ಎನಿಸುವ ಮಗು ಆ ಹೊತ್ತು ಲೈಬ್ರರಿಯಲ್ಲಿ ಕೂರಬಹುದು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಪಾಠಗಳು ಹಿಂದೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.

ನಿಮ್ಮಿಂದ ಕೇಳುವುದು ಇಷ್ಟೇ: ಮನೆಯಲ್ಲಿ ಇಂಥ ಸಿನಿಮಾ ಬಂದಾಗ ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಸ್ವಲ್ಪ ಹೊತ್ತು ಮಾತಾಡಿ.

ಇನ್ನೂ ಅನುಮಾನವಿದ್ದರೆ ಶಾಲೆ ಬಿಟ್ಟ ಮೇಲೆ ಯಾವ ದಿನವಾದರೂ ನನ್ನ ಕೊಠಡಿಗೆ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ